ಆಯುಧಪೂಜೆಗೆ ಇಳಿದ ಮಷಿನ್, ಹಾಸನಾಂಬೆಗೆ ಮುಗಿದ ಲಂಗ

ಆಯುಧಪೂಜೆಯ ಹಿಂದಿನ ದಿನ ಅಟ್ಟದಿಂದ ಹೊಲಿಗೆ ಮಷಿನ್ ಇಳಿಸಿದೆವು. ಧೂಳು ಒರೆಸಿ, ಕುಂಕುಮ ಇಟ್ಟು, ಒಂದು ಮೊಳ ಹೂ ಹಾಕೋದು ಅಷ್ಟೇ ನಮ್ಮ ಲೆಕ್ಕ. ಒರೆಸುವಾಗ ಸುಮ್ನೆ ಚಕ್ರಕ್ಕೆ ಕೈ ಹಾಕಿದೆ. ಅಲ್ಲಾಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದೆ. ಆಗಲೂ ಇಲ್ಲ.

ಇದು ನಮ್ಮ ಅತ್ತೆಯ ಮಷಿನ್. ಮೋಟರ್ ಇದೆ, ಝಿಗ್‌ಝಾಗ್ ಇದೆ, ಕೆಳಗಿನ ದಾರ ಸುತ್ತಿದ ಬಾಬಿನ್ ಕೂರೋ ಕೇಸ್ ಮುಂದಿನಿಂದ ಹಾಕುವಂಥದ್ದು. ಇದರಲ್ಲೇ ಅವರು ಹಾಸನದ ನಮ್ಮ ಬೀದಿಯ ಅರ್ಧ ಮನೆಗಳ ಸೀರೆಗೆ ಫಾಲ್ ಹಾಕಿ, ಝಿಗ್‌ಝಾಗ್ ಮಾಡಿ ಕೊಟ್ಟಿದ್ದಾರೆ. ಸೊಂಟ ನೋವು ಅಂತ ಆರು ವರ್ಷದಿಂದ ಕೂತಿರಲಿಲ್ಲ. ಮುಂಭಾಗದಲ್ಲಿ ಒಂದು ದೊಡ್ಡ ನಾಬ್, ಅದರ ಪಕ್ಕದಲ್ಲಿ ಸಣ್ಣ ಸಣ್ಣ ಚಿತ್ರಗಳು: ಮಣಿ, ಎಲೆ, ಅಲೆ, ಏಣಿ, ತ್ರಿಕೋನ. ಅತ್ತೆ ಅದರಲ್ಲಿ ಬಳಸಿದ್ದು ಎರಡೇ, ನೇರ ಹೊಲಿಗೆ ಮತ್ತು ಝಿಗ್‌ಝಾಗ್. ಉಳಿದ ಚಿತ್ರಗಳ ಮೇಲಿನ ಬಣ್ಣ ಇನ್ನೂ ಹೊಸದಾಗೇ ಇತ್ತು.

ಮಗಳಿಗೆ ಎಂಟು ವರ್ಷ. ಅವಳು ಎಲೆಯ ಚಿತ್ರದ ಮೇಲೆ ಬೆರಳಿಟ್ಟು, "ಅಮ್ಮಾ, ಇದು ಬಟ್ಟೆ ಮೇಲೆ ನಿಜವಾಗ್ಲೂ ಹಿಂಗೇ ಬರುತ್ತಾ?" ಅಂತ ಕೇಳಿದಳು. ನನಗೂ ಗೊತ್ತಿರಲಿಲ್ಲ. ಹಾಸನಾಂಬೆ ಬಾಗಿಲು ತೆಗೆಯೋಕೆ ಎರಡು ವಾರದ ಹತ್ತಿರ ಇತ್ತು. ವರ್ಷಕ್ಕೊಂದೇ ಸಲ, ಆಶ್ವಯುಜದ ಹುಣ್ಣಿಮೆ ಕಳೆದ ಮೇಲಿನ ಗುರುವಾರ ತೆಗೆಯುತ್ತಾರೆ. ಅಷ್ಟರೊಳಗೆ ಅಮ್ಮನ ಹಳೇ ಹಸಿರು ಹತ್ತಿ ಸೀರೆಯಲ್ಲಿ ಇವಳಿಗೊಂದು ಉದ್ದ ಲಂಗ ಹೊಲಿಯೋದು, ಅದರ ಅಂಚಿಗೆ ಈ ನಾಬ್‌ನಲ್ಲಿರೋ ಹೊಲಿಗೆಗಳನ್ನೇ ಸಾಲಾಗಿ ಹಾಕೋದು ಅಂತ ಅವತ್ತೇ ತೀರ್ಮಾನ ಮಾಡಿದೆ. ಮೊದಲು ಚಕ್ರ ತಿರುಗಬೇಕಿತ್ತು.

ಮೂರು ಸಂಜೆ, ಬರೀ ಎಣ್ಣೆ

ಪ್ಲಗ್ ತೆಗೆದು ಮೇಲಿನ ಮುಚ್ಚಳದ ಸ್ಕ್ರೂ ಬಿಚ್ಚಿದೆ. ಒಳಗೆ ಪ್ರತಿ ಕೀಲಿನಲ್ಲೂ ಹಳದಿ ಅಂಟು, ಜೇನುಮೇಣದ ಥರ. ಮೂಸಿ ನೋಡಿದರೆ ಕಮಟು ವಾಸನೆ.

"ಅತ್ತೆ, ಇದಕ್ಕೆ ಯಾವ ಎಣ್ಣೆ ಬಿಡ್ತಿದ್ರಿ?"

"ಮಷಿನ್ ಎಣ್ಣೆ ಮುಗಿದಾಗ ತಲೆಗೆ ಹಚ್ಚೋದನ್ನೇ ಎರಡು ತೊಟ್ಟು ಬಿಡ್ತಿದ್ದೆ ಕಣಮ್ಮ. ಆಗ ಚೆನ್ನಾಗೇ ಓಡ್ತಿತ್ತು."

ಓಡೋದು ನಿಜ. ಕೊಬ್ಬರಿ ಎಣ್ಣೆ ಹಾಕಿದ ದಿನ ಮಷಿನ್ ಬೆಣ್ಣೆ ಥರ ಓಡುತ್ತೆ. ಆದರೆ 24 ಡಿಗ್ರಿ ಹತ್ತಿರ ಬಂದರೆ ಆ ಎಣ್ಣೆ ಹೆಪ್ಪುಗಟ್ಟುತ್ತೆ. ಹಾಸನದ ಚಳಿಗಾಲದಲ್ಲಿ ಬಾಟಲಿಯಿಂದ ಎಣ್ಣೆ ಬೀಳಲ್ಲ ಅಲ್ವಾ, ಮಷಿನ್ ಒಳಗೂ ಅದೇ ಕತೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಧೂಳು, ದಾರದ ಜುಂಗು ಎಲ್ಲ ಸೇರಿ ಗೋಂದಾಗುತ್ತೆ. ಹೊಲಿಗೆ ಮಷಿನ್‌ಗೆ ಅಂತಲೇ ಮಾರೋ ತೆಳು ಬಿಳಿ ಎಣ್ಣೆ ಒಂದು ಸಣ್ಣ ಬಾಟಲಿ ತಂದರೆ ವರ್ಷಗಟ್ಟಲೆ ಸಾಕು. ಬೇರೆ ಯಾವ ಎಣ್ಣೆಯೂ ಬೇಡ.

ಹಳೇ ಸ್ಟವ್‌ನದ್ದು ಅಂತ ಅತ್ತೆ ಎತ್ತಿಟ್ಟಿದ್ದ ಸೀಮೆಎಣ್ಣೆ ಅರ್ಧ ಬಾಟಲಿ ಇತ್ತು. ಕಡ್ಡಿಗೆ ಹತ್ತಿ ಸುತ್ತಿ, ಲೋಹದ ಕೀಲುಗಳಿಗೆ ಮಾತ್ರ ಮುಟ್ಟಿಸಿದೆ. ಮೋಟರ್, ಬೆಲ್ಟ್, ಪ್ಲಾಸ್ಟಿಕ್ ಭಾಗದ ಮೇಲೆ ಬೀಳದ ಹಾಗೆ ಹಳೇ ಬಟ್ಟೆ ಮುಚ್ಚಿದ್ದೆ. ಕಿಟಕಿ ತೆಗೆದಿಟ್ಟಿದ್ದೆ. ಅರ್ಧ ಗಂಟೆ ಬಿಟ್ಟು ಚಕ್ರವನ್ನು ಹಿಂದೆ ಮುಂದೆ ಅಲ್ಲಾಡಿಸಿದೆ. ಮೊದಲ ಸಂಜೆ ಒಂದು ಇಂಚು ತಿರುಗಿತು. ಎರಡನೇ ಸಂಜೆ ಪೂರ್ತಿ ಸುತ್ತು. ಸೂಜಿಯ ಕೆಳಗಿನ ಪ್ಲೇಟ್ ಬಿಚ್ಚಿದಾಗ ಹಲ್ಲುಗಳ ಮಧ್ಯೆ ಜುಂಗು ಗಟ್ಟಿಯಾಗಿ ಕಂಬಳಿಯ ತುಂಡಿನ ಹಾಗೆ ಕೂತಿತ್ತು. ಪಿನ್ನಿನಲ್ಲಿ ಕೆದಕಿ ಕೆದಕಿ ಎತ್ತಿದೆ. ಬಟ್ಟೆಯನ್ನು ಹಿಂದಕ್ಕೆ ತಳ್ಳುವ ಕೆಲಸ ಈ ಹಲ್ಲುಗಳದ್ದು. ಸಂದಿಯಲ್ಲಿ ಜುಂಗು ತುಂಬಿದರೆ ಅವು ಪೂರ್ತಿ ಮೇಲೆ ಬರಲ್ಲ, ಬಟ್ಟೆ ಜಾರುತ್ತೆ.

ಇಷ್ಟಾದ ಮೇಲೂ ನೇರ ಹೊಲಿಗೆ ಮಾತ್ರ ಬಂತು. ನಾಬ್ ಯಾವ ಚಿತ್ರಕ್ಕೆ ತಿರುಗಿಸಿದರೂ ಸೂಜಿ ಮೇಲೆ ಕೆಳಗೆ ಅಷ್ಟೇ, ಎಡಕ್ಕೂ ಇಲ್ಲ ಬಲಕ್ಕೂ ಇಲ್ಲ.

ಮೂರನೇ ಸಂಜೆ ಟಾರ್ಚ್ ಹಿಡಿದು ಒಳಗೆ ನೋಡುತ್ತಾ ಕೂತೆ. ನಾಬ್‌ನ ಹಿಂದೆ ಒಂದು ಅಚ್ಚು. ಅದರ ಮೇಲೆ ಒಂದರ ಪಕ್ಕ ಒಂದು ಬಿಲ್ಲೆಗಳು, ಚಕ್ಕುಲಿ ಬಿಲ್ಲೆಗಳನ್ನು ಜೋಡಿಸಿಟ್ಟ ಹಾಗೆ. ಇವೇ ಕ್ಯಾಮ್‌ಗಳು. ಒಂದೊಂದರ ಅಂಚೂ ಬೇರೆ ಬೇರೆ: ಒಂದಕ್ಕೆ ದೊಡ್ಡ ಅಲೆ, ಒಂದಕ್ಕೆ ಗರಗಸದ ಹಲ್ಲು, ಒಂದಕ್ಕೆ ಮೆಟ್ಟಿಲು. ಈ ಅಂಚಿನ ಮೇಲೆ ಉಕ್ಕಿನ ಒಂದು ಸಣ್ಣ ಬೆರಳು ಕೂರುತ್ತೆ. ನಾಬ್ ತಿರುಗಿಸಿದರೆ ಬೆರಳು ಒಂದು ಬಿಲ್ಲೆಯಿಂದ ಇನ್ನೊಂದಕ್ಕೆ ಹೋಗುತ್ತೆ. ಬಿಲ್ಲೆ ಸುತ್ತುವಾಗ ಬೆರಳು ಅಂಚಿನ ಉಬ್ಬುತಗ್ಗಿಗೆ ತಕ್ಕ ಹಾಗೆ ಅಲುಗುತ್ತೆ, ಅದು ಅಲುಗಿದ ಹಾಗೆ ಸೂಜಿ ಎಡಬಲ ಹೋಗುತ್ತೆ. ಮಣಿ, ಅಲೆ, ತ್ರಿಕೋನ ಎಲ್ಲ ಇಷ್ಟೇ. ಎಲೆಯಂಥ ಕೆಲವು ಹೊಲಿಗೆಗೆ ಇದರ ಜೊತೆ ಇನ್ನೊಂದು ಬಿಲ್ಲೆ ಹಲ್ಲುಗಳನ್ನೂ ಹಿಂದೆ ಮುಂದೆ ಓಡಿಸುತ್ತೆ. ಸೂಜಿ ಎಡಬಲ, ಬಟ್ಟೆ ಹಿಂದೆ ಮುಂದೆ. ಇವೆರಡರಲ್ಲೇ ಅಷ್ಟೂ ಚಿತ್ರಗಳು ಹುಟ್ಟುತ್ತವೆ ಅಂತ ಕಂಡಾಗ ನಾನು ಬಹಳ ಹೊತ್ತು ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾ ನೋಡಿದೆ.

ನಮ್ಮ ಮಷಿನ್‌ನಲ್ಲಿ ಆ ಬೆರಳು ತನ್ನ ಕೀಲಿನಲ್ಲೇ ಅಂಟಿಕೊಂಡು ಬಿಲ್ಲೆಯಿಂದ ಒಂದು ಕೂದಲೆಳೆ ಎತ್ತರದಲ್ಲಿ ನಿಂತಿತ್ತು. ಕೂದಲು ಒಣಗಿಸೋ ಡ್ರೈಯರ್‌ನಿಂದ ದೂರದಿಂದಲೇ ಬಿಸಿ ಗಾಳಿ ಕೊಟ್ಟೆ. ಒಂದು ತೊಟ್ಟು ಮಷಿನ್ ಎಣ್ಣೆ. ಮತ್ತೆ ಗಾಳಿ. ಮರದ ಕಡ್ಡಿಯಿಂದ ಮೆತ್ತಗೆ ತಳ್ಳಿದೆ. ನಾಲ್ಕನೇ ಸಲ ಟಪ್ ಅಂತ ಸ್ಪ್ರಿಂಗ್ ಎಳೆದುಕೊಂಡು ಬೆರಳು ಬಿಲ್ಲೆಯ ಮೇಲೆ ಕೂತಿತು. ಚಕ್ರ ತಿರುಗಿಸಿದೆ. ಸೂಜಿ ಎಡಕ್ಕೆ ಹೋಗಿ, ಕೆಳಗಿಳಿದು, ಬಲಕ್ಕೆ ಬಂತು.

ಎಲ್ಲ ಕಡೆ ಒಂದೊಂದೇ ತೊಟ್ಟು ಎಣ್ಣೆ ಬಿಟ್ಟು, ಹಳೇ ಬಟ್ಟೆಯ ಮೇಲೆ ದಾರವಿಲ್ಲದೆ ಹತ್ತು ನಿಮಿಷ ಓಡಿಸಿದೆ. ಹೊರಗೆ ಬಂದ ಕಂದು ಎಣ್ಣೆಯನ್ನು ಆ ಬಟ್ಟೆಯೇ ಕುಡಿಯಿತು. ಈ ಹೆಜ್ಜೆ ಬಿಡಬಾರದು. ಬಿಟ್ಟರೆ ಆ ಎಣ್ಣೆಯೆಲ್ಲ ಹೊಸ ಬಟ್ಟೆ ಮೇಲೆ ಬೀಳುತ್ತೆ.

ಬಟ್ಟೆ ಮತ್ತು ಗಂಜಿ

ಸೀರೆಯ ಪನ್ನ 45 ಇಂಚು. ಮಗಳಿಗೆ ಸೊಂಟದಿಂದ ಕಾಲಿನವರೆಗೆ 30 ಇಂಚು ಬೇಕು. ಕೆಳಗಿನ ಮಡಿಕೆಗೆ 3, ಮೇಲೆ ಪಟ್ಟಿಗೆ 1, ಒಳಗೆ ಹಿಡಿಯೋ ಟಕ್‌ಗೆ 4. ಒಟ್ಟು 38. ಟಕ್ ಹಿಡಿಯದೆ ಹುಡುಗಿಯರಿಗೆ ಲಂಗ ಹೊಲಿಯಲೇಬಾರದು. ಮುಂದಿನ ವರ್ಷ ಅದನ್ನು ಬಿಚ್ಚಿದರೆ 4 ಇಂಚು ಉದ್ದ ಸಿಗುತ್ತೆ. ಲಂಗದ ಸುತ್ತಳತೆಗೆ 2.5 ಮೀಟರ್ ತೆಗೆದುಕೊಂಡೆ. ಸೆರಗಿನ ಕಡೆ ಸವೆದಿತ್ತು, ಅದನ್ನು ಬಿಟ್ಟು ಒಳಗಿನ ಗಟ್ಟಿ ಭಾಗ ಕತ್ತರಿಸಿದೆ. ಸೆರಗಿನ ಕಡೆಯದ್ದು ಪರೀಕ್ಷೆಯ ತುಂಡುಗಳಿಗೆ ಆಯಿತು. ಅದೇ ಬಟ್ಟೆಯ ತುಂಡಿನ ಮೇಲೆ ಪರೀಕ್ಷೆ ಮಾಡಬೇಕು. ಬೇರೆ ಬಟ್ಟೆ ಮೇಲೆ ಚೆನ್ನಾಗಿ ಬಂದದ್ದು ಇದರ ಮೇಲೆ ಹಾಗೇ ಬರುತ್ತೆ ಅಂತ ನಂಬೋ ಹಾಗಿಲ್ಲ.

ಮೊದಲ ತುಂಡು ಪೂರ್ತಿ ಹಾಳು. ಮಣಿಯ ಚಿತ್ರಕ್ಕೆ ನಾಬ್ ಇಟ್ಟು ಪೆಡಲ್ ಒತ್ತಿದೆ. ಮಣಿ ಬಂತು, ಆದರೆ ಬಟ್ಟೆ ಅದರ ಎರಡೂ ಕಡೆಯಿಂದ ಒಳಗೆ ಸೆಳೆದುಕೊಂಡು ಸುರಂಗದ ಹಾಗೆ ಎದ್ದು ನಿಂತಿತು. ಇಪ್ಪತ್ತು ವರ್ಷ ಒಗೆದ ಸೀರೆ, ಹತ್ತಿಯ ಎಳೆಗಳಲ್ಲಿ ಬಿಗಿಯೇ ಉಳಿದಿಲ್ಲ. ಸೂಜಿ ಎಡಬಲ ಓಡುವಾಗ ದಾರ ಬಟ್ಟೆಯನ್ನೂ ಜೊತೆಗೆ ಎಳೆಯುತ್ತೆ. ಎಳೆತ ತಡೆಯೋಕೆ ಬಟ್ಟೆ ಗಟ್ಟಿ ಇರಬೇಕು, ಇಲ್ಲ ಅಂದ್ರೆ ಅಡಿಯಲ್ಲಿ ಗಟ್ಟಿಯಾದದ್ದು ಇನ್ನೊಂದು ಇರಬೇಕು.

ಅತ್ತೆ ತುಂಡನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಗಂಜಿ ಹಾಕಮ್ಮ. ಬಟ್ಟೆ ಹಪ್ಪಳ ಆಗ್ಬೇಕು, ಆಮೇಲೆ ಹೊಲಿ."

ಅನ್ನ ಬಸಿದ ಗಂಜಿಯನ್ನು ತೆಳು ಬಟ್ಟೆಯಲ್ಲಿ ಸೋಸಿದೆ. ಒಂದು ಅಗುಳೂ ಇರಬಾರದು, ಇಸ್ತ್ರಿ ಮಾಡುವಾಗ ಅದು ಕಂದು ಕಲೆಯಾಗುತ್ತೆ. ಮೀಸಲಿಟ್ಟ ಬಟ್ಟೆಯ ಕೆಳಗಿನ ಹತ್ತು ಇಂಚನ್ನು ಮಾತ್ರ ಅದ್ದಿ, ಹಿಂಡದೆ ನೆರಳಲ್ಲಿ ಹಾಕಿದೆ. ಚೂರು ತೇವ ಇರುವಾಗಲೇ ಬಿಸಿ ಇಸ್ತ್ರಿ. ಸೀಬೆ ಎಲೆಯಷ್ಟು ಗರಿಗರಿಯಾಯಿತು. ಇದರ ಅಡಿಗೆ ಎಂಬ್ರಾಯ್ಡರಿಯವರು ಇಡೋ ಬಿಳಿ ಪೇಪರ್, ಹೊಲಿದ ಮೇಲೆ ಹರಿದು ತೆಗೆಯೋ ಥರದ್ದು, ಒಂದು ಪದರ. ಕಟ್ಟಿನಕೆರೆ ಮಾರ್ಕೆಟ್ ಕಡೆ ಹೋದಾಗ ದಾರ, ಲೇಸು ಮಾರೋ ಅಂಗಡಿಯಲ್ಲಿ ಸಿಕ್ಕಿತು. ನ್ಯೂಸ್‌ಪೇಪರ್ ಇಟ್ಟರೆ ಆಗಲ್ವಾ ಅಂತ ಕೇಳುವವರಿಗೆ: ಗಟ್ಟಿಗೇನೋ ಆಗುತ್ತೆ, ಆದರೆ ಶಾಯಿ ಬಟ್ಟೆಗೂ ತಿಳಿ ದಾರಕ್ಕೂ ಹತ್ತುತ್ತೆ.

ಗಂಜಿಯೊಂದೇ ಹಾಕಿದ ತುಂಡಿನಲ್ಲಿ ಸುರಂಗ ಅರ್ಧ ಕಡಿಮೆಯಾಯಿತು. ಪೇಪರ್ ಒಂದೇ ಇಟ್ಟದ್ದರಲ್ಲೂ ಹಾಗೇ. ಎರಡೂ ಸೇರಿದಾಗ ಬಟ್ಟೆ ಮೇಜಿನ ಮೇಲೆ ಅಂಗಾತ ಮಲಗಿತು.

ಫೂಟ್, ಟೆನ್ಷನ್, ಸೂಜಿ

ಎರಡನೇ ತೊಂದರೆ ಮಣಿಗಳ ಮಧ್ಯೆ ಕಾಣಿಸಿಕೊಂಡಿತು. ಮೂರು ಮಣಿ ಚೆನ್ನಾಗಿ ಬಂದು ನಾಲ್ಕನೆಯದು ಅಲ್ಲೇ ಗುಡ್ಡೆಯಾಗುತ್ತಿತ್ತು. ಬಟ್ಟೆ ಮುಂದೆ ಹೋಗದೆ ದಾರ ಒಂದರ ಮೇಲೊಂದು ಬಿದ್ದು ಗಂಟು. ಹಲ್ಲುಗಳನ್ನು ಮತ್ತೆ ನೋಡಿದೆ, ಚೊಕ್ಕ ಇದ್ದವು. ಆಗ ಬಟ್ಟೆಯನ್ನು ಮೇಲಿನಿಂದ ಒತ್ತಿ ಹಿಡಿಯೋ ಫೂಟ್ ಬಿಚ್ಚಿ ತಿರುವಿ ನೋಡಿದೆ. ಅಡಿ ಸಪಾಟು. ದಟ್ಟವಾದ ಹೊಲಿಗೆ ಬಟ್ಟೆಯ ಮೇಲೆ ದಿಬ್ಬದ ಹಾಗೆ ಏಳುತ್ತೆ. ಸಪಾಟು ಫೂಟ್ ಆ ದಿಬ್ಬದ ಮೇಲೆ ಹತ್ತಿ ಕೂತರೆ ಬಟ್ಟೆ ಸಿಕ್ಕಿಕೊಳ್ಳುತ್ತೆ. ಅತ್ತೆಯ ಡಬ್ಬಿಯಲ್ಲಿ ಹುಡುಕಿದಾಗ ಪಾರದರ್ಶಕ ಪ್ಲಾಸ್ಟಿಕ್‌ನ ಇನ್ನೊಂದು ಫೂಟ್ ಸಿಕ್ಕಿತು, ಒಮ್ಮೆಯೂ ಬಳಸದ್ದು. ಅದರ ಅಡಿಯಲ್ಲಿ ಮುಂದಿನಿಂದ ಹಿಂದಿನವರೆಗೆ ಅಗಲವಾದ ಕಾಲುವೆ. ಹೊಲಿದ ದಿಬ್ಬ ಆ ಕಾಲುವೆಯೊಳಗೆ ಜಾರಿಕೊಂಡು ಹೋಗುತ್ತೆ. ಇದೇ ಸ್ಯಾಟಿನ್ ಫೂಟ್. ಅದನ್ನು ಹಾಕಿದ ಮೇಲೆ ಗಂಟು ಒಮ್ಮೆಯೂ ಬರಲಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳುತ್ತೇನೆ. ನೇರ ಹೊಲಿಗೆಯ ಫೂಟ್‌ಗೆ ಮಧ್ಯೆ ಒಂದೇ ಸಣ್ಣ ತೂತು ಇರುತ್ತೆ. ಅದನ್ನು ಹಾಕಿಕೊಂಡು ಝಿಗ್‌ಝಾಗ್ ಓಡಿಸಿದರೆ ಸೂಜಿ ಫೂಟ್‌ಗೆ ಹೊಡೆದು ಮುರಿಯುತ್ತೆ. ನನ್ನ ಮೊದಲ ಸೂಜಿ ಹಾಗೇ ಮುರಿಯಿತು, ತುದಿ ಕನ್ನಡಕಕ್ಕೆ ಬಡಿಯಿತು. ಅವತ್ತಿಂದ ಫೂಟ್ ಬದಲಾಯಿಸಿದರೂ ಸರಿ, ಚಿತ್ರ ಬದಲಾಯಿಸಿದರೂ ಸರಿ, ಮೊದಲು ಒಂದು ಪೂರ್ತಿ ಚಿತ್ರವನ್ನು ಕೈಯಲ್ಲೇ ಚಕ್ರ ತಿರುಗಿಸಿ ನೋಡುತ್ತೇನೆ. ನಾಬ್ ತಿರುಗಿಸುವಾಗ ಸೂಜಿ ಬಟ್ಟೆಯಿಂದ ಮೇಲೇ ಇರಬೇಕು. ಒಳಗಿದ್ದರೆ ಬಾಗುತ್ತೆ.

ಮೂರನೆಯದು ಬಣ್ಣ. ಅರಿಶಿನ ಬಣ್ಣದ ಮಣಿಯ ಎರಡೂ ಅಂಚಿನಲ್ಲಿ ಕೆಳಗಿನ ಹಸಿರು ದಾರ ಚುಕ್ಕೆ ಚುಕ್ಕೆಯಾಗಿ ಇಣುಕುತ್ತಿತ್ತು. ಮೇಲಿನ ದಾರ ಬಿಗಿ ಜಾಸ್ತಿಯಾದರೆ ಹೀಗೆ ಕೆಳಗಿನದ್ದನ್ನು ಮೇಲಕ್ಕೆ ಎಳೆಯುತ್ತೆ. ದಾರದ ಬಿಗಿ ಹೊಂದಿಸೋ ಟೆನ್ಷನ್ ನಾಬ್ 4ರಲ್ಲಿತ್ತು. 3ಕ್ಕೆ ಇಳಿಸಿದೆ, ಇನ್ನೂ ಇಣುಕಿತು. 2ಕ್ಕೆ ತಂದಾಗ ಮೇಲಿನ ದಾರವೇ ಅಂಚು ಸುತ್ತಿಕೊಂಡು ಅಡಿಯವರೆಗೆ ಹೋಯಿತು. ಅಡಿ ತಿರುವಿ ನೋಡಿದರೆ ಮಧ್ಯೆ ಹಸಿರು ಪಟ್ಟಿ, ಅದರ ಎರಡೂ ಕಡೆ ಅರಿಶಿನದ ಅಂಚು. ಅಲಂಕಾರದ ಹೊಲಿಗೆ ಸರಿ ಇದೆಯೋ ಇಲ್ಲವೋ ಅಂತ ನೋಡೋಕೆ ನಾನು ಈಗ ಮೊದಲು ಅಡಿಯನ್ನೇ ತಿರುವುತ್ತೇನೆ. ಬಟ್ಟೆಯ ಮುಖದ ಮೇಲೆ ಕಾಣೋ ಬಹುಪಾಲು ತಪ್ಪಿಗೆ ಕಾರಣ ಅಲ್ಲಿರುತ್ತೆ.

ದಾರದ ವಿಷಯದಲ್ಲಿ ಒಂದಿಷ್ಟು ಹಣ ವ್ಯರ್ಥವಾಯಿತು. ಅಂಗಡಿಯಲ್ಲಿ ರೇಷ್ಮೆ ದಾರ ಅಂತ ಕೊಟ್ಟ ಕೆಂಪು ರೀಲು ನಿಜಕ್ಕೆ ರೇಯಾನ್. ಹೊಳಪು ಬಹಳ ಚಂದ. ಆದರೆ ಅದನ್ನು ಹೊಲಿದ ತುಂಡನ್ನು ಬಿಸಿನೀರಲ್ಲಿ ಅದ್ದಿ ಬಿಳಿ ಬಟ್ಟೆಯ ಮೇಲಿಟ್ಟಾಗ ಗುಲಾಬಿ ಕಲೆ ಬಿತ್ತು. ಲಂಗಕ್ಕೆ ಒಳಗೆ ಬಿಳಿ ಲೈನಿಂಗ್ ಇದೆ. ರೇಯಾನ್ ಒದ್ದೆಯಾದಾಗ ಗಟ್ಟಿತನವನ್ನೂ ಕಳೆದುಕೊಳ್ಳುತ್ತೆ. ಮಕ್ಕಳ ಬಟ್ಟೆ ಉಜ್ಜಿ ಒಗೆಯೋದೇ ಆದ್ದರಿಂದ ಎಂಬ್ರಾಯ್ಡರಿಗೆ ಅಂತ ಬರೋ ಪಾಲಿಯೆಸ್ಟರ್ ದಾರಕ್ಕೆ ಬಂದೆ. ಸೂಜಿ 14ರದ್ದು ಬಿಟ್ಟು 11ರದ್ದು ಹಾಕಿದೆ. ತೆಳು ಬಟ್ಟೆಗೆ ದಪ್ಪ ಸೂಜಿ ದೊಡ್ಡ ತೂತು ಮಾಡುತ್ತೆ.

ಸಾಲುಗಳು

ಯಾವ ಸಾಲು ಎಲ್ಲಿ? ಹೋದ ವರ್ಷ ಮಗಳ ಸ್ಕೂಲ್ ಪ್ರಾಜೆಕ್ಟ್‌ಗೆ ಅಂತ ಹಳೇಬೀಡಿಗೆ ಹೋದಾಗ ತೆಗೆದ ಫೋಟೋಗಳು ಮೊಬೈಲ್‌ನಲ್ಲಿದ್ದವು. ಹೊಯ್ಸಳೇಶ್ವರದ ಗೋಡೆಯ ಬುಡದಲ್ಲಿ ಆನೆ ಸಾಲು, ಅದರ ಮೇಲೆ ಸಿಂಹ, ಅದರ ಮೇಲೆ ಬಳ್ಳಿ, ಆಮೇಲೆ ಕುದುರೆ. ಹೀಗೇ ಮೇಲೆ ಹೋಗುತ್ತಾ ಕೊನೆಯಲ್ಲಿ ಹಂಸ. ಭಾರದ್ದು ಕೆಳಗೆ, ಹಗುರದ್ದು ಮೇಲೆ, ಎರಡು ದಪ್ಪ ಸಾಲಿನ ಮಧ್ಯೆ ಕಣ್ಣಿಗೆ ಬಿಡುವು ಕೊಡೋಕೆ ಒಂದು ಬಳ್ಳಿ. ಲಂಗದ ಅಂಚಿಗೂ ಅದೇ ಸರಿ ಅನ್ನಿಸಿತು. ತೂಕದ ಹೊಲಿಗೆ ಕೆಳಗಿದ್ದರೆ ಲಂಗ ಚೆನ್ನಾಗಿ ಇಳಿಬೀಳುತ್ತೆ ಕೂಡ.

ಸವೆದ ಸೋಪಿನ ಚೂರಿನಿಂದ ಗೆರೆ ಹಾಕಿದೆ. ಹಸಿರು ಬಟ್ಟೆ ಮೇಲೆ ಬಿಳಿಯಾಗಿ ಕಾಣುತ್ತೆ, ಒಗೆದರೆ ಹೋಗುತ್ತೆ. ಪಕ್ಕದ ಹೊಲಿಗೆ ಮುಚ್ಚದೆ, ಬಟ್ಟೆ ಚಪ್ಪಟೆ ಇರುವಾಗಲೇ ಎಲ್ಲ ಸಾಲು ಮುಗಿಸಬೇಕು. ಆಮೇಲೆ ಎರಡು ತುದಿ ಸೇರಿಸುವಲ್ಲಿ ಚಿತ್ರ ಕೂಡಿಕೊಳ್ಳಲ್ಲ. ಆ ಜಾಗ ಹಿಂದಿನ ನೆರಿಗೆಯೊಳಗೆ ಬೀಳೋ ಹಾಗೆ ಮಾಡಿದರೆ ಯಾರಿಗೂ ಕಾಣಲ್ಲ.

ಮೊದಲ ಸಾಲು, ಆನೆಯ ಜಾಗಕ್ಕೆ: ಅರಿಶಿನ ಬಣ್ಣದ ಸ್ಯಾಟಿನ್. ಅಂದರೆ ಬರೀ ಝಿಗ್‌ಝಾಗ್, ಆದರೆ ಒತ್ತೊತ್ತಾಗಿ. ಅಗಲ 5 ಮಿಲಿಮೀಟರ್; ಉದ್ದ, ಅಂದರೆ ಸೂಜಿ ಒಮ್ಮೆ ಇಳಿದಲ್ಲಿಂದ ಮತ್ತೆ ಇಳಿಯೋವರೆಗೆ ಬಟ್ಟೆ ಸರಿಯೋದು, 0.4. ಹೀಗಿಟ್ಟರೆ ಒಂದು ಸೆಂಟಿಮೀಟರ್‌ನಲ್ಲಿ ಸೂಜಿ 25 ಸಲ ಇಳಿಯುತ್ತೆ. ಪ್ರತಿ ಸಲ 5 ಮಿಲಿಮೀಟರ್ ದಾರ ಅಂದರೆ ಸೆಂಟಿಮೀಟರ್‌ಗೆ 12.5 ಸೆಂಟಿಮೀಟರ್ ದಾರ. 2.5 ಮೀಟರ್ ಸುತ್ತಿಗೆ 31 ಮೀಟರ್ ಮೇಲೆ, ಸುತ್ತಿಕೊಳ್ಳೋದೂ ಸೇರಿದರೆ ಇನ್ನೂ ಜಾಸ್ತಿ. ರೀಲು ಕೊಳ್ಳುವ ಮುಂಚೆ ಈ ಲೆಕ್ಕ ಹಾಕೋದು ಒಳ್ಳೆಯದು. ಅರ್ಧಕ್ಕೆ ದಾರ ಮುಗಿದು ಮತ್ತೆ ಅಂಗಡಿಗೆ ಹೋದರೆ ಅದೇ ಅರಿಶಿನ ಸಿಗುತ್ತೆ ಅನ್ನೋ ಭರವಸೆ ಇಲ್ಲ. 0.4ಕ್ಕಿಂತ ಒತ್ತಾಗಿ, 0.3ರಲ್ಲೂ ನೋಡಿದೆ. ಅಷ್ಟು ತೂತು ಬಿದ್ದರೆ ಹಳೇ ಬಟ್ಟೆ ಅಂಚೆಚೀಟಿಯ ಹಾಗೆ ಆ ಗೆರೆಯಲ್ಲೇ ಹರಿಯುತ್ತೆ ಅನ್ನಿಸಿ ಬಿಟ್ಟೆ.

ಶುರು ಮಾಡುವಾಗ ಮೇಲಿನ ದಾರ, ಕೆಳಗಿನ ದಾರ ಎರಡರ ತುದಿಯನ್ನೂ ಬೆರಳಲ್ಲಿ ಹಿಂದಕ್ಕೆ ಹಿಡಿದಿರಬೇಕು. ನಾಲ್ಕೈದು ಹೊಲಿಗೆ ಬಿದ್ದ ಮೇಲೆ ಬಿಡಬಹುದು. ಇಲ್ಲದಿದ್ದರೆ ಅಡಿಯಲ್ಲಿ ಗುಬ್ಬಿಗೂಡು. ಹೊಲಿಯುವಾಗ ಕೈ ಬಟ್ಟೆಯನ್ನು ತಳ್ಳಬಾರದು, ಎಳೆಯಬಾರದು, ದಾರಿ ತೋರಿಸಬೇಕು ಅಷ್ಟೇ. ಕಣ್ಣು ಸೂಜಿಯ ಮೇಲಲ್ಲ, ಫೂಟ್‌ನ ಮುಂದಿನ ಗುರುತಿನ ಮೇಲೆ. ಸೂಜಿ ನೋಡುತ್ತಾ ಹೊಲಿದರೆ ಗೆರೆ ಹಾವಾಗುತ್ತೆ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಮೋಟರ್ ಮುಟ್ಟಿ ನೋಡುತ್ತಿದ್ದೆ. ಬೆಚ್ಚಗಿದ್ದರೆ ಕಾಫಿ ಕುಡಿದು ಬರುತ್ತಿದ್ದೆ.

ಎರಡನೇ ಸಾಲು ಮಣಿ, ಬಿಳಿ ದಾರದಲ್ಲಿ. ಮುಕ್ಕಾಲು ಭಾಗ ಮುಗಿದಾಗ ಮಣಿಯ ಹೊಟ್ಟೆಯಲ್ಲೇ ಬಾಬಿನ್ ಖಾಲಿಯಾಯಿತು. ಇಲ್ಲಿ ಮಷಿನ್ ಒಳಗೆ ನೋಡಿದ್ದು ಉಪಯೋಗಕ್ಕೆ ಬಂತು. ಚಿತ್ರ ಎಲ್ಲಿಗೆ ನಿಂತಿದೆ ಅನ್ನೋದು ಕ್ಯಾಮ್‌ಗೆ ಗೊತ್ತು. ಚಕ್ರವನ್ನು ಸೂಜಿ ಮೇಲೆ ಬರುವಷ್ಟು ಮಾತ್ರ ತಿರುಗಿಸಿ, ನಾಬ್ ಮುಟ್ಟದೆ, ಬಾಬಿನ್ ಬದಲಾಯಿಸಿ, ಕೊನೆಯ ತೂತಿನ ಪಕ್ಕದಲ್ಲೇ ಸೂಜಿ ಇಳಿಸಿದರೆ ಮಣಿ ಬಿಟ್ಟಲ್ಲಿಂದ ಮುಂದುವರಿಯುತ್ತೆ. ತುದಿಗಳನ್ನು ಕೈಸೂಜಿಯಿಂದ ಅಡಿಗೆ ತಂದು ಗಂಟು ಹಾಕಿದೆ. ಈಗ ಹುಡುಕಿದರೆ ನನಗೂ ಆ ಜಾಗ ಸಿಗಲ್ಲ. ಮುಂದಿನ ಸಾಲಿಗೆ ಮುಂಚೆ ಮೂರು ಬಾಬಿನ್ ಸುತ್ತಿಟ್ಟುಕೊಂಡೆ.

ಬಳ್ಳಿ ನನ್ನನ್ನು ಎರಡು ರಾತ್ರಿ ಕೂರಿಸಿತು. ಮಗಳು ಬೆರಳಿಟ್ಟು ತೋರಿಸಿದ್ದ ಎಲೆ ಅದೇ. ಇದರಲ್ಲಿ ಬಟ್ಟೆ ಹಿಂದೆ ಮುಂದೆ ಎರಡೂ ಕಡೆ ಓಡುತ್ತೆ. ಮುಂದೆ ಹೋದಷ್ಟೇ ಹಿಂದೆ ಬಂದರೆ ಎಲೆಯ ತುದಿ ಕಾಂಡಕ್ಕೆ ಬಂದು ಕೂಡುತ್ತೆ. ನನ್ನದರಲ್ಲಿ ಎಲೆ ಉದ್ದಕ್ಕೆ ಎಳೆದುಕೊಂಡು, ಬಾಯಿ ತೆರೆದ ಹಾಗೆ ಬರುತ್ತಿತ್ತು. ಗಂಜಿ, ಪೇಪರ್ ಸೇರಿ ದಪ್ಪವಾದ ಬಟ್ಟೆಯನ್ನು ಹಲ್ಲುಗಳು ಮುಂದಕ್ಕೆ ಜಾಸ್ತಿ, ಹಿಂದಕ್ಕೆ ಕಡಿಮೆ ತಳ್ಳುತ್ತಿದ್ದವು. ಹೊಲಿಗೆ ಉದ್ದದ ನಾಬ್‌ನ ಕೊನೆಯಲ್ಲಿ ಇಂಥ ಚಿತ್ರಗಳಿಗೆ ಅಂತಲೇ ಒಂದು ಬಣ್ಣದ ಗುರುತಿದೆ. ಅದರ ಎರಡು ಪಕ್ಕ ಪ್ಲಸ್, ಮೈನಸ್. ಚಿತ್ರ ಹಿಗ್ಗಿದ್ದರೆ ಮೈನಸ್ ಕಡೆ, ಕುಗ್ಗಿದ್ದರೆ ಪ್ಲಸ್ ಕಡೆ ಚೂರೇ ಚೂರು ತಿರುಗಿಸಬೇಕು. ಎಷ್ಟು ಚೂರು ಅಂದರೆ ಉಗುರಿನ ಅಂಚಿನಷ್ಟು. ನಾಬ್ ಮೇಲೆ ಪೆನ್ಸಿಲ್‌ನಿಂದ ಒಂದು ಚುಕ್ಕೆ ಇಟ್ಟುಕೊಂಡು, ಒಂದು ಉಗುರು ತಿರುಗಿಸಿ ಐದು ಎಲೆ ಹೊಲಿದೆ. ಇನ್ನೂ ಬಾಯಿ ಬಿಟ್ಟಿತ್ತು. ಇನ್ನೊಂದು ಉಗುರು, ಇನ್ನೈದು ಎಲೆ. ಮೂರನೇ ಸಲ ಎಲೆಯ ತುದಿ ಕಾಂಡಕ್ಕೆ ಬಂದು ಕೂತಿತು. ನಾಲ್ಕನೆಯದರಲ್ಲಿ ಮುದುಡಿತು. ಮೂರನೆಯದಕ್ಕೆ ವಾಪಸ್ ಬಂದೆ. ಮಗಳಿಗೆ ತೋರಿಸಿದಾಗ ಅವಳು ಮಷಿನ್ ಮೇಲಿನ ಚಿತ್ರವನ್ನೂ ಬಟ್ಟೆಯನ್ನೂ ಎರಡೆರಡು ಸಲ ನೋಡಿ, "ಚಿತ್ರಕ್ಕಿಂತ ಇದೇ ಚೆನ್ನಾಗಿದೆ" ಅಂದಳು.

ಮಣಿಗೂ ಬಳ್ಳಿಗೂ ಮಧ್ಯೆ ಜರಿಯ ಒಂದು ಗೆರೆ ಬೇಕಿತ್ತು. ಜರಿ ದಾರ ಸೂಜಿಯಲ್ಲಿ ಪೋಣಿಸಿದರೆ ಎರಡು ಇಂಚಿಗೊಮ್ಮೆ ಕಿತ್ತುಹೋಗುತ್ತಿತ್ತು. ಒಂದೇ ದಾರದ ತುಂಡು ಬಟ್ಟೆಯೊಳಗೆ ಕೂರುವ ಮುಂಚೆ ಸೂಜಿಯ ಕಣ್ಣಿನಲ್ಲಿ ಎಷ್ಟೋ ಸಲ ಮೇಲೆ ಕೆಳಗೆ ಉಜ್ಜುತ್ತೆ. ಜರಿಯ ಮೇಲಿನ ತೆಳು ಪದರ ಅದನ್ನು ತಾಳಲ್ಲ. ಹಾಗಾಗಿ ಜರಿಯನ್ನು ಬಾಬಿನ್‌ಗೆ ಹಾಕಿದೆ. ಅಲ್ಲಿ ಆ ಉಜ್ಜಾಟ ಇಲ್ಲ. ಬಾಬಿನ್‌ಗೆ ಕೈಯಲ್ಲೇ ನಿಧಾನಕ್ಕೆ ಸುತ್ತಿ, ಕೇಸ್‌ನ ಸಣ್ಣ ಸ್ಕ್ರೂವನ್ನು ಕಾಲು ಸುತ್ತು ಸಡಿಲ ಮಾಡಿದೆ. ಈ ಕೆಲಸ ಒಂದು ತಟ್ಟೆಯ ಮೇಲೆ ಮಾಡಬೇಕು, ಸಾಸಿವೆ ಕಾಳಿನಷ್ಟಿರೋ ಆ ಸ್ಕ್ರೂ ನೆಲಕ್ಕೆ ಬಿದ್ದರೆ ಸಿಗಲ್ಲ. ಸೂಜಿಯಲ್ಲಿ ಮಾಮೂಲಿ ಹಸಿರು ದಾರ, ಟೆನ್ಷನ್ ವಾಪಸ್ 4. ಬಟ್ಟೆಯ ಮುಖ ಕೆಳಗೆ, ಪೇಪರ್ ಮೇಲೆ. ಗೆರೆ ಕಾಣಬೇಕಲ್ಲ, ಅದಕ್ಕೆ ಮೊದಲೇ ಮುಖದ ಕಡೆಯಿಂದ ಸೋಪಿನ ಗೆರೆಯ ಮೇಲೆ ಕಚ್ಚಾ ಹೊಲಿಗೆ ಹಾಕಿಕೊಂಡಿದ್ದೆ, ಅದು ಹಿಂದಿನಿಂದ ಕಾಣುತ್ತೆ. 3 ಮಿಲಿಮೀಟರ್ ಉದ್ದದ ನೇರ ಹೊಲಿಗೆಯಲ್ಲಿ, ಬಹಳ ನಿಧಾನವಾಗಿ ಓಡಿಸಿದೆ. ಪೂರ್ತಿ ಸಾಲು ಮುಗಿಯುವವರೆಗೂ ಏನಾಗುತ್ತಿದೆ ಅಂತ ಕಾಣಲ್ಲ. ತಿರುವಿದಾಗ ಜರಿ ಒಂದೇ ಎಳೆಯಾಗಿ, ಕೈಯಲ್ಲಿ ಇಟ್ಟು ಹೊಲಿದ ಹಾಗೆ, ಬಟ್ಟೆಯ ಮೇಲೆ ಮಲಗಿತ್ತು. ಈ ರೀತಿ ಬಳ್ಳಿ ಹೊಲಿಯೋರು ಒಂದು ನೆನಪಿಡಿ: ಅಡಿಯಿಂದ ಹೊಲಿದದ್ದು ಕನ್ನಡಿಯ ಹಾಗೆ ಎಡಬಲ ತಿರುಗಿ ಬರುತ್ತೆ. ಮುಗಿದ ಮೇಲೆ ಕೇಸ್‌ನ ಸ್ಕ್ರೂವನ್ನು ಅದೇ ಕಾಲು ಸುತ್ತು ಬಿಗಿ ಮಾಡಬೇಕು.

ಎಲ್ಲಕ್ಕಿಂತ ಮೇಲೆ ಸಣ್ಣ ತ್ರಿಕೋನಗಳ ಸಾಲು, ಅರಿಶಿನದಲ್ಲೇ. ಅರ್ಧ ಗಂಟೆಯಲ್ಲಿ ಮುಗಿಯಿತು.

ಹರಿಯೋದು, ಒಗೆಯೋದು, ಸೇರಿಸೋದು

ಪೇಪರ್ ಹರಿಯುವಾಗ ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಪಕ್ಕಕ್ಕೆ ಹರಿಯಬೇಕು. ಮೇಲಕ್ಕೆ ಕಿತ್ತರೆ ಹೊಲಿಗೆ ಜೊತೆಗೆ ಏಳುತ್ತೆ. ಮಣಿಯೊಳಗೆ ಉಳಿದ ಪೇಪರ್ ತೆಗೆಯೋಕೆ ಹೋಗಲಿಲ್ಲ, ಅದು ಮಣಿಗೆ ಮೈ ಕೊಡುತ್ತೆ. ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ ಗಂಜಿ ಬಿಡಿಸಿದೆ. ಇಸ್ತ್ರಿಗೆ ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ, ಲಂಗದ ಮುಖ ಕೆಳಗೆ ಮಾಡಿದೆ. ಮುಖದ ಮೇಲೇ ಇಸ್ತ್ರಿ ಇಟ್ಟರೆ ಮಣಿ ಚಪ್ಪಟೆಯಾಗುತ್ತೆ.

ಪಕ್ಕದ ಹೊಲಿಗೆ, ಟಕ್, ನೆರಿಗೆ, ಪಟ್ಟಿ, ಲೈನಿಂಗ್ ಎಲ್ಲ ಸೇರಿ ಒಂದು ಭಾನುವಾರ. ಟಕ್ ಅನ್ನು ಕೊನೆಯ ಸಾಲಿಗಿಂತ ನಾಲ್ಕು ಬೆರಳು ಮೇಲೆ ಒಳಗೆ ಹಿಡಿದೆ. ಮುಂದೆ ಬಿಚ್ಚಿದಾಗ ಅದರ ಗುರುತು ಸಾಲುಗಳಿಗೆ ತಾಗಬಾರದು.

ಅತ್ತೆಗೆ ಕೊಟ್ಟೆ. ಅವರು ಲಂಗದ ಮುಖ ನೋಡಲೇ ಇಲ್ಲ. ಮೊದಲು ಲಂಗ ತಿರುವಿ, ಅಂಚನ್ನು ಬೆಳಕಿಗೆ ಹಿಡಿದು, ಅಡಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಗಂಟು ಹಾಕಿದ ಜಾಗವನ್ನು ಉಗುರಿನಿಂದ ಒಮ್ಮೆ ಎಳೆದು ನೋಡಿದರು. ಆಮೇಲೆ ಲಂಗವನ್ನು ಮುಖದ ಕಡೆಗೆ ತಿರುವಿದರು.

"ಅಡಿ ಚೊಕ್ಕವಾಗಿದೆ ಕಣಮ್ಮ," ಅಂದರು. "ಮಷಿನ್ ತಂದಾಗಿಂದ ಆ ಚಿತ್ರಗಳು ಅಲ್ಲೇ ಇದ್ವು. ಯಾರೂ ಕೇಳ್ಲಿಲ್ಲ, ನಾನೂ ಹಾಕ್ಲಿಲ್ಲ."

ಬಾಗಿಲು ತೆಗೆದ ನಾಲ್ಕನೇ ದಿನ ಬೆಳಗಿನ ಜಾವ ಹಾಸನಾಂಬೆ ದರ್ಶನಕ್ಕೆ ಹೋದೆವು. ಸಾಲು ಉದ್ದ ಇತ್ತು. ಮಗಳು ಗಂಟೆಗಟ್ಟಲೆ ಆ ಲಂಗದಲ್ಲೇ ನಿಂತಳು, ಕೂತಳು, ನೆಲಕ್ಕೆ ಉಜ್ಜಿದಳು. ಮನೆಗೆ ಬಂದು ಒಗೆಯುವಾಗ ನೋಡಿದೆ. ಜರಿಯೂ ಎದ್ದಿಲ್ಲ, ಮಣಿಯೂ ಬಿಚ್ಚಿಲ್ಲ.

ಪರೀಕ್ಷೆಯ ತುಂಡುಗಳನ್ನು ಒಂದರ ಕೆಳಗೊಂದು ಸೇರಿಸಿ ಹೊಲಿದು, ಪ್ರತಿ ಸಾಲಿನ ಪಕ್ಕದಲ್ಲಿ ಅಗಲ, ಉದ್ದ, ಟೆನ್ಷನ್, ಸೂಜಿ ಬರೆದು ಮಷಿನ್ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಹಾಳಾದ ಮೊದಲ ತುಂಡೂ ಅದರಲ್ಲಿದೆ. ಎಣ್ಣೆ ಹಾಕಿದ ತಾರೀಕನ್ನೂ ಅಲ್ಲೇ ಬರೆದಿದ್ದೇನೆ. ನಿನ್ನೆ ಅತ್ತೆ ಬೀರುವಿನಿಂದ ಒಂದು ಬ್ಲೌಸ್ ಪೀಸ್ ತಂದು ಮೇಜಿನ ಮೇಲಿಟ್ಟರು. ತೋಳಿಗೆ ಮಣಿ ಸಾಲು ಬೇಕಂತೆ. ತೋಳಿನ ಸುತ್ತು 11 ಇಂಚು, ಎರಡು ತೋಳಿಗೆ 22. ಗಂಜಿ ಸೋಸಿಟ್ಟಿದ್ದೇನೆ.